ಅತ್ತೆಯ ಮೇಕೆ, ಇನ್ನೊಬ್ಬರ ಹುಡುಗಿ

ಎಂಥ ದೊಡ್ಡ ಕಲಾವಿದನ ಚಿತ್ರವೇ ಆಗಲಿ, ಹುಣಸೂರಿನ ನಮ್ಮ ಸೋದರತ್ತೆಯ ಕೈಗೆ ಸಿಕ್ಕಿತೋ, ಅದರೊಳಗೊಂದು ಪ್ರಾಣಿ ಸೇರಿಕೊಳ್ಳುವುದು ಖಂಡಿತ! ಹಳೆಯ ಕ್ಯಾಲೆಂಡರುಗಳ ಚಿತ್ರ ನೋಡಿಕೊಂಡು ಬಟ್ಟೆಯ ಮೇಲೆ ಕಸೂತಿ ಹಾಕುವುದು ಅವರ ಹುಚ್ಚು. ಆದರೆ ಚಿತ್ರದಲ್ಲಿ ಯಾರೂ ಒಂಟಿಯಾಗಿರಬಾರದು. ಧ್ಯಾನಕ್ಕೆ ಕೂತ ಋಷಿಗೆ ಒಂದು ಬೆಕ್ಕು, ವೀಣೆ ನುಡಿಸುವವಳಿಗೆ ಒಂದು ಎಮ್ಮೆ. ತಪಸ್ಸು ಕೆಡುವುದಿಲ್ಲವೇ ಎಂದು ಕೇಳಿದರೆ, "ಬೆಕ್ಕು ಮಾತಾಡ್ತದೇನ್ಲಾ? ಸುಮ್ಕೆ ಜೊತೇಲಿರ್ತದೆ ಬುಡು" ಎನ್ನುತ್ತಿದ್ದರು.

ಅವುಗಳಲ್ಲೆಲ್ಲ ಹೆಸರಾದದ್ದು ಬಾವಿಕಟ್ಟೆಯ ಹುಡುಗಿ. ಮೂಲದಲ್ಲಿ ಅವಳು ಬಿಂದಿಗೆ ಹಿಡಿದು ಒಬ್ಬಳೇ ನಿಂತಿದ್ದಳು. ಅತ್ತೆ ಅವಳ ಸೆರಗು ಜಗಿಯುವ ಮೇಕೆಯೊಂದನ್ನು ಸೇರಿಸಿದರು. ಮನೆಗೆ ಬಂದವರೆಲ್ಲ ಅದರ ಫೋಟೊ ತೆಗೆದುಕೊಂಡು ಹೋಗುತ್ತಿದ್ದರು.

ಒಮ್ಮೆ ನಾನೂ ಅತ್ತೆಯೂ ಕೊಪ್ಪಕ್ಕೆ ಹೋದಾಗ ಅಂಗಡಿಯೊಂದರ ಮುಂದೆ ಸಾಲಾಗಿ ಬಟ್ಟೆಚೀಲಗಳು ನೇತಾಡುತ್ತಿದ್ದವು. ಎಲ್ಲದರ ಮೇಲೂ ಅದೇ ಹುಡುಗಿ, ಅದೇ ಮೇಕೆ. ಅತ್ತೆ ನೆಟ್ಟಗೆ ಒಳಗೆ ಹೋದರು.

"ಈ ಮೇಕೆ ನಂದು."

ಅಂಗಡಿಯವನು ಬೀದಿಯತ್ತ ಕತ್ತು ಚಾಚಿ ನೋಡಿದ. "ಯಾವ ಮೇಕೆ ಅಮ್ಮ? ಈ ಕಡೆ ಯಾವ್ದೂ ಬರ್ಲಿಲ್ವಲ್ಲ."

ಇಂಥವನ ಹತ್ತಿರ ಏನು ಮಾತು? ಮಾರನೆಯ ದಿನವೇ ಇಬ್ಬರೂ ಹುಣಸೂರಿನ ವಕೀಲರ ಮುಂದೆ ಕೂತಿದ್ದೆವು. ಅವರು ಚೀಲ, ಕಸೂತಿ, ಹಳೆಯ ಕ್ಯಾಲೆಂಡರು ಮೂರನ್ನೂ ಹರಡಿಕೊಂಡು ನೋಡಿದರು.

"ಮೇಕೆ ನಿಮ್ಮದೇ ಅಮ್ಮ, ಅನುಮಾನವಿಲ್ಲ. ನೀವು ಹೊಸದಾಗಿ ಸೇರಿಸಿದ್ದಕ್ಕೆ ಹಕ್ಕು ಕೇಳಬಹುದು. ಆದರೆ ಹುಡುಗಿ ಈ ಚಿತ್ರ ಬರೆದವರದು. ಅವರ ಒಪ್ಪಿಗೆ ತಗೊಂಡಿದ್ದೀರಾ?"

"ಇಲ್ಲ."

"ಹಾಗಾದರೆ ಅಂಗಡಿಯವನು ನಿಮ್ಮನ್ನು ಕೇಳಲಿಲ್ಲ, ನೀವು ಅವರನ್ನು ಕೇಳಲಿಲ್ಲ. ಅವರು ಒಪ್ಪದಿದ್ದರೆ ನಿಮ್ಮ ಮೇಕೆಗೂ ನಿಲ್ಲುವುದಕ್ಕೆ ಜಾಗ ಇರೋದಿಲ್ಲ."

ದೂರು ಕೊಡಲು ಹೋದವರು ತಾವೇ ಕಳ್ಳಿಯಾಗಿ ಹೊರಬಂದಿದ್ದರು. ಎರಡು ದಿನ ಅತ್ತೆ ಸೂಜಿ ಮುಟ್ಟಲಿಲ್ಲ. ಮೂರನೆಯ ದಿನ ಬೆಳಿಗ್ಗೆ, "ನಡೀಲಾ, ಕೇಳ್ಬುಟ್ಟು ಬರಾನ" ಎಂದರು. ಕ್ಯಾಲೆಂಡರಿನ ಮೂಲೆಯಲ್ಲಿ ಕಲಾವಿದರ ಹೆಸರೂ ಊರೂ ಇದ್ದವು. ಊರು ಕೆ.ಆರ್. ನಗರ.

ಅಲ್ಲಿಗೆ ಹುಡುಕಿಕೊಂಡು ಹೋದರೆ, ಅವರು ಬನಿಯನ್ ತೊಟ್ಟು ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದ ಮುದುಕರು. ಅತ್ತೆ ನಮಸ್ಕಾರ ಮಾಡಿ ಕಸೂತಿ ಬಿಚ್ಚಿದರು. "ನಿಮ್ ಹುಡ್ಗೀನ ಕೇಳ್ದೆ ತಗಂಡ್ಬುಟ್ಟೆ, ತಪ್ಪಾಯ್ತು ಕಣ್ರೀ. ಬ್ಯಾಡ ಅಂದ್ರೆ ಇಲ್ಲೇ ಬಿಚ್ಚಾಕ್ಬುಡ್ತೀನಿ."

ಮುದುಕರು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಮೇಕೆಯ ಮೇಲೆ ಬೆರಳಾಡಿಸಿದರು. "ಇವ್ಳನ್ನ ಬರೀವಾಗ ಪಕ್ಕದಲ್ಲಿ ಏನೋ ಬೇಕು ಅನ್ನಿಸ್ತಿತ್ತು ಕಣವ್ವ. ಏನು ಅಂತ ಹೊಳೀನಿಲ್ಲ. ಇರ್ಲಿ, ಬಿಚ್ಬ್ಯಾಡ."

ಅಲ್ಲೇ ಕೂತು ನಾನು ಒಪ್ಪಿಗೆ ಪತ್ರ ಬರೆದೆ. ಅದನ್ನು ನೋಡಿದ ಮೇಲೆ ಕೊಪ್ಪದ ಅಂಗಡಿಯವನು ಚೀಲಗಳನ್ನು ಇಳಿಸಿದ. ಅದು ಆಮೇಲಿನ ಮಾತು. ಅವತ್ತು ಜಗಲಿಯಲ್ಲಿ ನಾನು ಪತ್ರ ಓದಿ ಹೇಳಿ ಪೆನ್ನು ಕೊಟ್ಟರೆ ಮುದುಕರು ಕೈ ಹಿಂದಕ್ಕೆ ಎಳೆದುಕೊಂಡು ಒಳಗೆ ಹೋಗಿಬಿಟ್ಟರು. ಮನಸ್ಸು ಬದಲಾಯಿಸಿದರೇ? ಅತ್ತೆ ನನ್ನ ಮುಖ ನೋಡಿದರು.

ಸ್ವಲ್ಪ ಹೊತ್ತಿಗೆ ಮುದುಕರು ಹೊರಗೆ ಬಂದರು. ಕೈ ತೊಳೆದಿದ್ದರು, ತಲೆ ಬಾಚಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೊರಳವರೆಗೂ ಗುಂಡಿ ಹಾಕಿಕೊಂಡಿದ್ದರು.

"ನನ್ ಚಿತ್ರಕ್ಕೆ ಒಪ್ಗೆ ಕೇಳ್ಕಂಡು ಯಾರೂ ಬಂದಿರ್ನಿಲ್ಲ. ನೀವೇ ಮೊದ್ಲು" ಎಂದು ಕೂತು, ಒಂದೊಂದೇ ಅಕ್ಷರ ಬರೆದು ಸಹಿ ಹಾಕಿದರು. ಅಷ್ಟು ಹೊತ್ತೂ ಅತ್ತೆ ಸೆರಗು ಹೊದ್ದು ಎದ್ದೇ ನಿಂತಿದ್ದರು.