ಕರಡಪ್ಪನ ಹನ್ನೊಂದು ಪ್ರತಿಗಳು

ಎಲ್ಲದಕ್ಕೂ ಕಾರಣ ಅಂಗೈಯಗಲದ ಒಂದು ಹಳದಿ ಚೀಟಿ. ನೀರು ಸರಬರಾಜು ಕಚೇರಿಯ ಪತ್ರ ವಿಭಾಗದಲ್ಲಿ, ಕಿಟಕಿ ಪಕ್ಕದ ಮೇಜಿನ ಮೇಲೆ ಇಪ್ಪತ್ತೆರಡು ವರ್ಷದಿಂದ ಕೂತಿದ್ದ ಕಂಪ್ಯೂಟರಿನ ಹಣೆಗೆ ಯಾರೋ ಅದನ್ನು ಬೆಳಿಗ್ಗೆ ಅಂಟಿಸಿ ಹೋಗಿದ್ದರು. ಅದರಲ್ಲಿದ್ದದ್ದು ಎರಡೇ ಮಾತು: "ಗುಜರಿಗೆ. ನಾಲ್ಕು ಗಂಟೆಗೆ."

ಕರಡಪ್ಪ ಚೀಟಿಯನ್ನು ಓದಿದ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದ. ಕರಡಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕಚೇರಿಯಿಂದ ಹೊರಡುವ ಪ್ರತಿ ಪತ್ರದ ಕರಡೂ ಅವನ ಕೈಯಲ್ಲೇ ಹುಟ್ಟುತ್ತಿದ್ದುದರಿಂದ ಸಹೋದ್ಯೋಗಿಗಳು ಇಟ್ಟದ್ದು. ಮೂರು ವಾರದ ಹಿಂದೆ ಬಂದ ಹೊಸ ಮೇಲಧಿಕಾರಿಗಳಂತೂ, ಕಚೇರಿಯಲ್ಲಿ ಎಲ್ಲರೂ 'ದೊಡ್ಡವರು' ಎನ್ನುವ ಅವರು, ಅದೇ ಅವನ ನಿಜವಾದ ಹೆಸರು ಎಂದುಕೊಂಡಿದ್ದರು.

ಆ ಹಳೆಯ ಕಂಪ್ಯೂಟರಿನಲ್ಲಿ ಬಣ್ಣವಿಲ್ಲ, ಚಿತ್ರವಿಲ್ಲ, ಮೌಸ್ ಇಲ್ಲ. ಕಪ್ಪು ಪರದೆ, ಅದರ ಮೇಲೆ ಹಸಿರು ಅಕ್ಷರ, ಅಷ್ಟೇ. ಪತ್ರ ಬರೆಯುವ ಆ ಹಳೆಯ ತಂತ್ರಾಂಶಕ್ಕೆ ಏನು ಬೇಕಿದ್ದರೂ ಬೆರಳಲ್ಲೇ ಹೇಳಬೇಕು. ಕಂಟ್ರೋಲ್ ಜೊತೆಗೆ ವೈ ಒತ್ತಿದರೆ ಇಡೀ ಸಾಲು ಮಾಯ. ಕಂಟ್ರೋಲ್ ಜೊತೆಗೆ ಪಿ, ಆಮೇಲೆ ಬಿ ಒತ್ತಿದರೆ ಅಲ್ಲಿಂದ ಮುಂದಿನ ಮಾತು ದಪ್ಪ ಅಕ್ಷರಕ್ಕೆ ತಿರುಗುತ್ತಿತ್ತು. ಅದೇ ಮೂರನ್ನು ಮತ್ತೆ ಒತ್ತಿದರೆ ದಪ್ಪ ಅಲ್ಲಿಗೆ ನಿಲ್ಲುತ್ತಿತ್ತು. ದಪ್ಪವಾದದ್ದು ಪರದೆಯ ಮೇಲೆ ಕಾಣುತ್ತಿರಲಿಲ್ಲ, ಕಾಗದಕ್ಕೆ ಇಳಿದಾಗಲೇ ಕಾಣುತ್ತಿತ್ತು. ಕರಡಪ್ಪನಿಗೆ ಇದೆಲ್ಲ ತಲೆಯಲ್ಲಿರಲಿಲ್ಲ, ಬೆರಳಲ್ಲಿತ್ತು. ನಾಳೆ ಯಾವ ಬೀದಿಗೆ ನೀರು ಬರುವುದಿಲ್ಲ, ಯಾವ ಕೊಳವೆ ಒಡೆದಿದೆ ಎಂಬ ಪ್ರಕಟಣೆಗಳನ್ನು ಅವನು ಕಿಟಕಿಯಾಚೆ ನೋಡುತ್ತಲೇ ಹೊಡೆದು ಮುಗಿಸಬಲ್ಲವನಾಗಿದ್ದ. ಕೆಲಸದಲ್ಲಿ ಅವನಿಗಿದ್ದ ಒಂದೇ ಹೆಮ್ಮೆ ಅದು. ಅದು ಇವತ್ತು ನಾಲ್ಕು ಗಂಟೆಗೆ ಗುಜರಿ ಗಾಡಿ ಹತ್ತಲಿತ್ತು.

ಹತ್ತು ಗಂಟೆಗೆ ಕಂಪ್ಯೂಟರ್ ಜೋಡಿಸುವ ಇಂಜಿನಿಯರಮ್ಮ ಬಂದಳು. ಹಳೆಯದರ ವೈರು ಕಿತ್ತು, ಅದರ ಪ್ರಿಂಟರಿನ ಸಮೇತ ಹಜಾರದ ಬೆಂಚಿನ ಮೇಲೆ ಇಟ್ಟಳು. ಅದರ ಜಾಗದಲ್ಲಿ ಕನ್ನಡಿಯಂತೆ ಹೊಳೆಯುವ ಹೊಸದೊಂದನ್ನು ಕೂರಿಸಿದಳು.

"ತುಂಬಾ ಸುಲಭ ಸಾರ್ ಇದು. ಚಿಕ್ಕ ಮಕ್ಕಳೂ ಕಲೀತಾರೆ."

"ಮಕ್ಕಳಿಗೆ ಮರೆಯೋಕೆ ಏನೂ ಇರಲ್ಲಮ್ಮ," ಎಂದ ಕರಡಪ್ಪ.

"ಮಧ್ಯೆ ಮಧ್ಯೆ ಏನಾದ್ರೂ ಚೌಕ ಬಂದು ಕೇಳುತ್ತೆ. ಗಾಬರಿಯಾಗ್ಬೇಡಿ. ಎಂಟರ್ ಒತ್ತಿ, ಹೋಗ್ಬಿಡುತ್ತೆ," ಎಂದು ಹೇಳಿ ಅವಳು ಇನ್ನೊಂದು ಕಚೇರಿಗೆ ಹೊರಟೇಬಿಟ್ಟಳು.

ಕರಡಪ್ಪ ತಲೆ ಮೇಲೆ ಕೈಹೊತ್ತು ಕೂತ. ಹಾಗೆ ಯಾರಾದರೂ ಕೂತರೆ ಎದ್ದು ಬಂದು ವಿಚಾರಿಸದೆ ಇರಲು ರವಾನೆಯಕ್ಕನಿಂದ ಆಗುತ್ತಿರಲಿಲ್ಲ. ಪತ್ರಗಳನ್ನು ಲಕೋಟೆಗೆ ಹಾಕಿ ಕಳಿಸುವ ರವಾನೆ ವಿಭಾಗದ ಈ ಹೆಂಗಸು ಇಡೀ ಕಚೇರಿಗೇ ಅಕ್ಕ. ಅವಳ ಹಿಂದೆಯೇ ಮೀಟರಯ್ಯನೂ ಬಂದ. ನೀರಿನ ಮೀಟರುಗಳ ತಕರಾರು ನೋಡುವುದು ಅವನ ಕೆಲಸ; ಉಳಿದವರ ತಕರಾರುಗಳಲ್ಲಿ ಮೂಗು ತೂರಿಸುವುದು ಅವನ ಹವ್ಯಾಸ.

"ಸುಮ್ನೆ ಕೂತ್ರೆ ಆಯ್ತೇನೋ ತಮ್ಮಾ? ದೊಡ್ಡೋರಿಗೆ ಒಂದು ಪತ್ರ ಬರಿ. ಅವರೇನೂ ಕೆಟ್ಟೋರಲ್ಲ," ಎಂದಳು ರವಾನೆಯಕ್ಕ.

"ಬರೀಲೇಬೇಕು," ಎಂದ ಮೀಟರಯ್ಯ. "ಅವರು ಪರಿಶೀಲನೆಗೆ ನೀರಿನ ಟ್ಯಾಂಕ್ ಹತ್ರ ಹೋಗಿದಾರೆ. ಬರೋದು ಎರಡೂವರೆ. ಅಷ್ಟರಲ್ಲಿ ಪತ್ರ ಮೇಜಿನ ಮೇಲಿರ್ಬೇಕು."

ಕರಡಪ್ಪ ಹೊಸ ಯಂತ್ರದ ಮುಂದೆ ನೆಟ್ಟಗೆ ಕೂತು ಶುರುಮಾಡಿದ. 'ಮಾನ್ಯರೇ, ಇಪ್ಪತ್ತೆರಡು ವರ್ಷಗಳಿಂದ ಈ ಕಚೇರಿಯ' ಎಂಬಲ್ಲಿಗೆ ಬಂದಾಗ 'ಪ್ರತಿಯೊಂದು' ಎಂಬ ಮಾತನ್ನು ಒತ್ತಿ ಹೇಳಬೇಕೆನ್ನಿಸಿತು. ಬೆರಳುಗಳು ಯಾರನ್ನೂ ಕೇಳದೆ ಕಂಟ್ರೋಲ್, ಪಿ, ಬಿ ಒತ್ತಿದವು. ಪರದೆಯ ಮೇಲೆ ದೊಡ್ಡದೊಂದು ಚೌಕ ಎದ್ದಿತು. ಎಂಟರ್ ಒತ್ತಿದ. ಇಂಜಿನಿಯರಮ್ಮ ಹೇಳಿದಂತೆಯೇ ಅದು ಹೋಗಿಬಿಟ್ಟಿತು. 'ಪ್ರತಿಯೊಂದು' ಎಂದು ಹೊಡೆದು, ದಪ್ಪ ನಿಲ್ಲಿಸಲು ಮತ್ತೆ ಅದೇ ಮೂರು ಒತ್ತಿದ. ಮತ್ತೆ ಚೌಕ, ಮತ್ತೆ ಎಂಟರ್.

"ನೋಡಿದ್ರಾ? ಅಷ್ಟೇನೂ ಕಷ್ಟ ಇಲ್ಲ. ಚೌಕದ ಕಾಟ ಒಂದು ಬಿಟ್ರೆ," ಎಂದ ಕರಡಪ್ಪ.

ಆ ಚೌಕ ಎಲ್ಲಿಗೆ ಹೋಗುತ್ತಿತ್ತು ಎಂಬುದು ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೊಸ ತಂತ್ರಾಂಶದಲ್ಲಿ ಕಂಟ್ರೋಲ್ ಮತ್ತು ಪಿ ಎಂದರೆ 'ಮುದ್ರಿಸು' ಎಂದರ್ಥ. ಹೊಸ ಪ್ರಿಂಟರ್ ಇದ್ದದ್ದು ದೊಡ್ಡವರ ಕೋಣೆಯಲ್ಲಿ. ಹಳೆಯದು ಅರ್ಧ ಹಾಳೆ ಹೊಡೆಯುವುದರೊಳಗೆ ಮೂರು ಕೋಣೆಗೆ ಕೇಳುವಂತೆ ಕಿರುಚುತ್ತಿತ್ತು. ಹೊಸದಕ್ಕೆ ಬಾಯೇ ಇರಲಿಲ್ಲ. ಮುಚ್ಚಿದ ಬಾಗಿಲಿನ ಹಿಂದೆ ಕರಡಪ್ಪನ ಅರೆಬರೆ ಪತ್ರದ ಎರಡು ಹಾಳೆಗಳು ಸದ್ದಿಲ್ಲದೆ ಟ್ರೇಗೆ ಬಿದ್ದಿದ್ದವು.

'ಈ ಯಂತ್ರ ಒಮ್ಮೆಯೂ ಕೈಕೊಟ್ಟಿಲ್ಲ' ಎಂದು ರವಾನೆಯಕ್ಕ ಹೇಳಿಕೊಟ್ಟಳು. 'ಒಮ್ಮೆಯೂ' ದಪ್ಪವಾಗಲೇಬೇಕಿತ್ತು. ಇನ್ನೆರಡು ಹಾಳೆ.

"ಸಪ್ಪೆ," ಎಂದ ಮೀಟರಯ್ಯ ಓದಿ ನೋಡಿ. "ಉಪ್ಪಿಲ್ಲ ಖಾರ ಇಲ್ಲ. ಓದಿದೋರಿಗೆ ಚುರುಕ್ ಅನ್ನಬೇಕು ಕಣಯ್ಯಾ. ನಾನು ಹೇಳ್ತೀನಿ, ಹೊಡಿ: ಈ ನಿರ್ಧಾರ ಮಾಡಿದವರು ಜನ್ಮದಲ್ಲಿ ಒಂದು ಸಾಲನ್ನೂ ಸ್ವಂತ ಬೆರಳಿನಿಂದ ಟೈಪ್ ಮಾಡಿರಲಾರರು."

"ಅಯ್ಯೋ, ಬೇಡ ಮಾರಾಯ! ಅವರ ನಿರ್ಧಾರಾನೇ ಅಲ್ವಾ ಇದು?"

"ಈಗ ಹೊಡಿ. ಬೇಡ ಅನ್ನಿಸಿದ್ರೆ ಆಮೇಲೆ ಅಳಿಸಿದ್ರಾಯ್ತು. ಇದೇನು ಕಲ್ಲಲ್ಲಿ ಕೆತ್ತಿದ್ದಾ?"

ಕರಡಪ್ಪನ ಹೊಟ್ಟೆಯೊಳಗೂ ಬೆಳಗಿನಿಂದ ಬೆಂಕಿ ಇತ್ತು. ಹೊಡೆದ. 'ಜನ್ಮದಲ್ಲಿ' ಎಂಬುದನ್ನು ದಪ್ಪ ಮಾಡಿಯೇ ಹೊಡೆದ. ಹೊಡೆದು ಮುಗಿಸಿ ಒಮ್ಮೆ ಓದಿದ. ಸಾಲು ಅಳಿಸಲೆಂದು ಕಂಟ್ರೋಲ್ ವೈ ಒತ್ತಿದ. ಹಳೆಯದಾಗಿದ್ದರೆ ಸಾಲು ಕಣ್ಣು ಮಿಟುಕಿಸುವುದರೊಳಗೆ ಮಾಯವಾಗುತ್ತಿತ್ತು. ಹೊಸದಕ್ಕೆ ಆ ಕೀಲಿಯ ಅರ್ಥ 'ಈಗ ಮಾಡಿದ್ದನ್ನೇ ಇನ್ನೊಮ್ಮೆ ಮಾಡು' ಎಂದು. ಅದೇ ಸಾಲು ಕೆಳಗೆ ಮತ್ತೊಮ್ಮೆ ಮೂಡಿತು. ಕರಡಪ್ಪ ಗಾಬರಿಯಾಗಿ ಇನ್ನೊಮ್ಮೆ ಒತ್ತಿದ, ಮಗದೊಮ್ಮೆ ಒತ್ತಿದ. ಮೇಲಧಿಕಾರಿಗಳು ಜನ್ಮದಲ್ಲಿ ಟೈಪ್ ಮಾಡಿರಲಾರರೆಂದು ಪತ್ರ ಈಗ ನಾಲ್ಕು ಸಲ ಹೇಳುತ್ತಿತ್ತು.

"ಅಳಿಸೋಕೆ ಹೋದ್ರೆ ಮರಿ ಹಾಕ್ತಿದೆಯಲ್ಲೋ!" ಎಂದಳು ರವಾನೆಯಕ್ಕ. "ಇರ್ಲಿ ಬಿಡು, ಕೊನೇಲಿ ಎಲ್ಲಾ ಒಟ್ಟಿಗೆ ಅಳಿಸು. ನಂದೂ ಒಂದು ಮಾತು ಸೇರಿಸು: ಕುರ್ಚಿಗೆ ಹೊಸಬರಾದ ಮಾತ್ರಕ್ಕೆ ಕಚೇರಿಯೆಲ್ಲ ಹೊಸದಾಗಬೇಕು ಅನ್ನೋದು ಮಕ್ಕಳಾಟ."

ದೊಡ್ಡವರು ಕೆಟ್ಟವರಲ್ಲ ಎಂದು ಬೆಳಿಗ್ಗೆ ಹೇಳಿದವಳೂ ಇವಳೇ. ಆದರೆ ಮೀಟರಯ್ಯನ ಮಾತು ತನ್ನದಕ್ಕಿಂತ ಖಾರವಾಗಿದ್ದುದನ್ನು ಅವಳು ಸಹಿಸುವಂತಿರಲಿಲ್ಲ. 'ಮಕ್ಕಳಾಟ' ದಪ್ಪ ಅಕ್ಷರದಲ್ಲೇ ಬರಬೇಕೆಂದು ಹಟ ಹಿಡಿದಳು. ಬಂತು. ದೊಡ್ಡವರ ಟ್ರೇಯಲ್ಲಿ ಎಂಟು ಹಾಳೆಗಳಾದವು.

ಮಧ್ಯಾಹ್ನ ಇಬ್ಬರೂ ಊಟಕ್ಕೆ ಎದ್ದುಹೋದರು. ಕರಡಪ್ಪ ಒಬ್ಬನೇ ಕೂತು ಪತ್ರವನ್ನು ಮೊದಲಿನಿಂದ ಓದಿದ. ಓದುತ್ತಾ ಓದುತ್ತಾ ಅವನ ಸಿಟ್ಟು ಇಳಿದು ಭಯ ಏರಿತು. ನಿವೃತ್ತಿಗೆ ಇನ್ನೂ ಏಳು ವರ್ಷವಿತ್ತು. ಒಂದೊಂದೇ ಅಕ್ಷರವನ್ನು ಹಿಂದಿನಿಂದ ನುಂಗುವ ಕೀಲಿಯನ್ನು ಹೇಗೋ ಕಂಡುಹಿಡಿದು, ಬೆರಳು ನೋಯುವವರೆಗೆ ಒತ್ತಿ ಹಿಡಿದ. ಮಕ್ಕಳಾಟ ಹೋಯಿತು, ಟೈಪ್ ಮಾಡಿರಲಾರರು ಹೋಯಿತು. ಅವುಗಳ ಜಾಗದಲ್ಲಿ 'ದಯವಿಟ್ಟು ಈ ಯಂತ್ರವನ್ನು ಉಳಿಸಿಕೊಡಬೇಕಾಗಿ ಪ್ರಾರ್ಥನೆ' ಎಂದು ಬರೆದ. 'ದಯವಿಟ್ಟು' ಎಂಬುದನ್ನು ಮಾತ್ರ, ಕಣ್ಣಿಗೆ ಬೀಳಲಿ ಎಂದು, ದಪ್ಪ ಮಾಡಿದ.

ಊಟ ಮುಗಿಸಿ ಬಂದ ಮೀಟರಯ್ಯ ಪರದೆ ನೋಡಿ ಮುಖ ಸಿಂಡರಿಸಿದ. "ಬೆನ್ನುಮೂಳೆನೇ ತೆಗೆದುಬಿಟ್ಯಲ್ಲಯ್ಯಾ! ಹೋಗ್ಲಿ, ಪ್ರಿಂಟ್ ತೆಗಿ. ಕೊಟ್ಟು ಬರೋಣ."

"ಅದೇ ನೋಡು ಗೊತ್ತಾಗ್ತಿಲ್ಲ," ಎಂದ ಕರಡಪ್ಪ. "ಬೆಳಿಗ್ಗೆಯಿಂದ ಹುಡುಕ್ತಿದೀನಿ. ಇದರಲ್ಲಿ ಪ್ರಿಂಟ್ ತೆಗೆಯೋದು ಹೇಗೆ ಅಂತ ಆಯಮ್ಮ ಹೇಳ್ಲೇ ಇಲ್ಲ."

ಯಾರಿಗೂ ಹೊಳೆಯಲಿಲ್ಲ. ಹೊಳೆಯುವ ತನಕ ಇನ್ನೊಂದು ಸಾಲು ಸೇರಿಸೋಣವೆಂದು ಕರಡಪ್ಪ ಶುರುಮಾಡಿದ: 'ತಮ್ಮಲ್ಲಿ'. ಕಂಟ್ರೋಲ್, ಪಿ, ಬಿ. ಚೌಕ. ಎಂಟರ್. 'ಕೈಮುಗಿದು' ಎಂದು ಹೊಡೆಯುತ್ತಿದ್ದಂತೆ ಮೇಜಿನ ಮೇಲಿನ ಫೋನ್ ಬಡಿದುಕೊಂಡಿತು.

"ಕರಡಪ್ಪನೋರಾ?" ದೊಡ್ಡವರ ದನಿ. "ನಿಮ್ಮ ಪತ್ರ ತಲುಪಿತು."

"ಯಾ... ಯಾವ ಪತ್ರ ಸಾರ್?"

"ಯಾವುದು ಅಂತ ಹೇಳ್ಲಿ? ಹನ್ನೊಂದಿವೆ. ಸ್ವಲ್ಪ ಒಳಗೆ ಬನ್ನಿ."

ಕರಡಪ್ಪ ಫೋನ್ ಕೆಳಗಿಟ್ಟ. ತಿರುಗಿ ನೋಡಿದರೆ ಮೀಟರಯ್ಯನಿಗೆ ಇದ್ದಕ್ಕಿದ್ದಂತೆ ಯಾವುದೋ ಮೀಟರಿನ ನೆನಪಾಗಿತ್ತು, ರವಾನೆಯಕ್ಕ ಲಕೋಟೆಗಳ ನಡುವೆ ತಲೆ ಹುದುಗಿಸಿದ್ದಳು.

ಕೋಣೆಯಲ್ಲಿ ದೊಡ್ಡವರು ಹನ್ನೊಂದು ಹಾಳೆಗಳನ್ನೂ ಮೇಜಿನ ಮೇಲೆ ಸಾಲಾಗಿ ಹರಡಿಕೊಂಡು ನಿಂತಿದ್ದರು.

"ಒಂದು ಸಲ ಬರೆದಿದ್ರೆ ಸಿಟ್ಟಲ್ಲಿ ಬರೆದಿದಾರೆ ಅಂದ್ಕೋತಿದ್ದೆ," ಎಂದರು. "ನಾಲ್ಕು ಸಲ ಬರೆದಿದೀರಿ. ಇದರಲ್ಲಿ ಶ್ರದ್ಧೆ ಇದೆ."

"ಸಾರ್, ಅದು ನಾನಲ್ಲ ಸಾರ್... ಅಂದ್ರೆ ನಾನೇ, ಆದ್ರೆ ಅಳಿಸೋಕೆ ಹೋಗಿ..."

"ಕಂಟ್ರೋಲ್ ವೈ ಒತ್ತಿದ್ರಿ."

ಕರಡಪ್ಪ ಮೇಜಿನ ಮೇಲಿನ ಹಾಳೆಗಳ ಕಡೆ ಬಗ್ಗಿ ನೋಡಿದ.

"ಮೊದಲು ನಂಗೂ ತಲೆಬುಡ ಗೊತ್ತಾಗ್ಲಿಲ್ಲ," ಎಂದು ದೊಡ್ಡವರು ಹಾಳೆಗಳ ಮೇಲೆ ಬೆರಳಾಡಿಸಿದರು. "ಆಮೇಲೆ ನೋಡಿದೆ. ಒಂದು ಹಾಳೆ ಒತ್ತಿ ಹೇಳಬೇಕಾದ ಮಾತಿಗೆ ಮೊದಲೇ ನಿಂತಿದೆ, ಅದರ ಜೋಡಿ ಆ ಮಾತು ಮುಗಿದ ಕೂಡ್ಲೇ ನಿಂತಿದೆ. ಹೀಗೇ ಐದು ಜೋಡಿ. ಹನ್ನೊಂದನೇದು ನನ್ನ ಕಣ್ಣೆದುರೇ ಹೊರಗೆ ಬಂತು. ಅದಕ್ಕೆ ಜೋಡಿ ಬರೋ ಮೊದಲೇ ನಾನು ಫೋನ್ ಮಾಡಿದೆ. ಕಂಟ್ರೋಲ್, ಪಿ, ಬಿ. ಹೌದೋ ಅಲ್ವೋ?"

"ತಮಗೆ... ತಮಗೆ ಹೇಗೆ ಗೊತ್ತು ಸಾರ್?"

"ಹೇಗೆ ಗೊತ್ತು! ಒಂಬತ್ತು ವರ್ಷ ನಾನೂ ಬೇರೆ ಕಚೇರೀಲಿ ಅಂಥದ್ದೇ ಒಂದರ ಮುಂದೆ ಗುಮಾಸ್ತನಾಗಿ ಕೂತಿದ್ದೆ ಕಣ್ರೀ. ಎಲ್ಲಿದೆ ನಿಮ್ಮದು?"

ಇಬ್ಬರೂ ಹಜಾರಕ್ಕೆ ಬಂದರು. ದೊಡ್ಡವರು ತಾವೇ ಬಗ್ಗಿ ವೈರು ಸಿಕ್ಕಿಸಿದರು. ಹಳೆಯ ಯಂತ್ರ ಗೊರಗೊರ ಅಂದಿತು, ಸುಮ್ಮನಾಯಿತು, ಮತ್ತೆ ಗೊರಗೊರ ಅಂದು ಹಸಿರು ಗೆರೆಯೊಂದನ್ನು ಮಿಟುಕಿಸಿತು. ದೊಡ್ಡವರು ಬೆಂಚಿನ ಪಕ್ಕ ಮಂಡಿಯೂರಿ ಕೂತು ಕೀಲಿಗಳ ಮೇಲೆ ಕೈಯಿಟ್ಟರು. ಕೈ ತಾನಾಗಿ ಓಡಿತು. ಒಂದು ಸಾಲು ಬರೆದರು, ಅಳಿಸಿದರು, ಇನ್ನೊಂದು ಬರೆದು ದಪ್ಪ ಮಾಡಿದರು, ಚಿಕ್ಕ ಮಗುವಿನಂತೆ ನಕ್ಕರು. ಅಷ್ಟು ಹೊತ್ತಿಗೆ ರವಾನೆಯಕ್ಕನೂ ಮೀಟರಯ್ಯನೂ ಮತ್ತೆ ಕಾಣಿಸಿಕೊಂಡಿದ್ದರು.

"ಪತ್ರಕ್ಕೆ ಖಾರ ಹಾಕಿದ್ದು ನಾನೇ ಸಾರ್," ಎಂದು ಮೀಟರಯ್ಯ ಮೆಲ್ಲಗೆ ನೆನಪಿಸಿದ.

ದೊಡ್ಡವರು ಎದ್ದು, ಹಳದಿ ಚೀಟಿಯನ್ನು ಕಿತ್ತು ಮುದುರಿ ಎಸೆದರು. "ಇದು ಇಂಥದ್ದು ಅಂತ ಗೊತ್ತಿಲ್ದೆ ಸಹಿ ಹಾಕಿಬಿಟ್ಟಿದ್ದೆ. ಇದನ್ನ ಗುಜರಿಗೆ ಹಾಕೋದಾ? ನನ್ನ ಜೀವ ಇರೋ ತನಕ ಆಗಲ್ಲ. ಗಾಡಿಯವನು ಬಂದ್ರೆ ವಾಪಸ್ ಕಳಿಸಿ."

ಕರಡಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಇಪ್ಪತ್ತೆರಡು ವರ್ಷದಲ್ಲಿ ಯಾವ ಮೇಲಧಿಕಾರಿಯ ಎದುರೂ ಅವನಿಗೆ ಕಣ್ಣಲ್ಲಿ ನೀರು ಬಂದಿರಲಿಲ್ಲ, ಬಂದಿದ್ದರೂ ಸಂತೋಷಕ್ಕಲ್ಲ. "ತಮ್ಮ ಉಪಕಾರ ಮರೆಯಲ್ಲ ಸಾರ್," ಎಂದು ಯಂತ್ರದ ಒಂದು ಬದಿ ಹಿಡಿದ. ದೊಡ್ಡವರು ಇನ್ನೊಂದು ಬದಿ ಹಿಡಿದರು. ಇಬ್ಬರೂ ಎತ್ತಿದರು. ಕರಡಪ್ಪ ಪತ್ರ ವಿಭಾಗದ ಕಡೆಗೆ ಎಳೆದ. ಯಂತ್ರ ಬರಲಿಲ್ಲ.

"ಆ ಕಡೆ ಅಲ್ಲ, ಈ ಕಡೆ," ಎಂದರು ದೊಡ್ಡವರು. "ನನ್ನ ಕೋಣೆಗೆ."

"ತಮ್ಮ... ಕೋಣೆಗಾ ಸಾರ್?"

"ಮತ್ತೆ? ನೀವೇ ಬರೆದಿದೀರಲ್ಲ, ನಾಲ್ಕು ಸಲ. ನಿಮ್ಮ ಪತ್ರ ನನ್ನ ಕಣ್ಣು ತೆರೆಸಿತು ಕರಡಪ್ಪನೋರೇ. ಇವತ್ತಿನಿಂದ ನನ್ನ ಪತ್ರಗಳನ್ನೆಲ್ಲಾ ಸ್ವಂತ ಬೆರಳಿಂದ ನಾನೇ ಟೈಪ್ ಮಾಡ್ತೀನಿ. ಹೊಸದು ನನಗೆ ಒಗ್ಗಲ್ಲ ರೀ. ಈ ವಯಸ್ಸಲ್ಲಿ ಇನ್ನೇನು ಕಲಿಯೋದು?"

ಅವರು ಕರಡಪ್ಪನಿಗಿಂತ ಎರಡು ವರ್ಷಕ್ಕೆ ಚಿಕ್ಕವರು. ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು ಕರಡಪ್ಪ ಯಂತ್ರವನ್ನು ಅವರ ಕೋಣೆಯವರೆಗೆ ಹೊತ್ತ. ಅದರ ಪ್ರಿಂಟರನ್ನು ಹೊರಲು ಇನ್ನೊಮ್ಮೆ ಹಜಾರಕ್ಕೆ ಬಂದ.

ಅವನು ತನ್ನ ಮೇಜಿಗೆ ಮರಳಿ ಮುಕ್ಕಾಲು ಗಂಟೆಯೂ ಆಗಿರಲಿಲ್ಲ, ದೊಡ್ಡವರೇ ಖುದ್ದಾಗಿ ಬಂದು ಮೂರು ಹಾಳೆಗಳನ್ನು ಅವನ ಮುಂದಿಟ್ಟರು. ಟ್ಯಾಂಕಿನ ಪರಿಶೀಲನೆಯ ವರದಿ. ಪ್ರತಿ ಸಾಲಿನಲ್ಲೂ ಎರಡು ಮೂರು ಮಾತು ದಪ್ಪವಾಗಿದ್ದವು.

"ಹೇಗಿದೆ? ಒಂದೂ ತಪ್ಪಿಲ್ಲ ನೋಡಿ," ಎಂದರು. "ಒಂದೇ ತೊಂದರೆ ಅಂದ್ರೆ, ಅದರಿಂದ ಪತ್ರ ಹೊರಗೆ ಎಲ್ಲಿಗೂ ಹೋಗಲ್ಲ. ಈಗ ಕೇಂದ್ರ ಕಚೇರಿಯವರು ಇಮೇಲ್ ಬಿಟ್ಟು ಇನ್ನೇನೂ ಮುಟ್ಟಲ್ಲ. ಅದಕ್ಕೆ ನಾನು ಇದರಲ್ಲಿ ಟೈಪ್ ಮಾಡಿ ಕೊಡ್ತಾ ಹೋಗ್ತೀನಿ, ನೀವು ಹೊಸದರಲ್ಲಿ ಇನ್ನೊಮ್ಮೆ ಟೈಪ್ ಮಾಡಿ ಕಳಿಸ್ತಾ ಹೋಗಿ. ಐದು ಗಂಟೆಯೊಳಗೆ ಆಗುತ್ತಲ್ಲ?"

ಕರಡಪ್ಪ ತಲೆಯಾಡಿಸಿದ. ದೊಡ್ಡವರು ಬಾಗಿಲ ತನಕ ಹೋದವರು ತಿರುಗಿ ನಿಂತರು.

"ಬೇಗ ಮುಗಿಸಿ. ಎರಡನೇದು ಆಗಲೇ ಅರ್ಧ ಆಗಿದೆ. ಇವತ್ತು ನನ್ನ ಕೈ ನಿಲ್ತಾನೇ ಇಲ್ಲ ಕಣ್ರೀ!"