ಸೋಬಾನದ ಮೇಲೆ ನನ್ನ ಉಪನ್ಯಾಸ

ಕ್ಯಾಸೆಟ್ಟಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳುವ ಅಗತ್ಯವಿರಲಿಲ್ಲ. ಸಿಕ್ಕಾದ ರೀಲನ್ನು ಪೆನ್ಸಿಲ್ ತೂರಿಸಿ ಸುತ್ತುವುದು, ಹರಿದ ರೀಲಿಗೆ ಉಗುರುಬಣ್ಣ ಹಚ್ಚಿ ಜೋಡಿಸುವುದು, ಟೇಪ್ ರೆಕಾರ್ಡರಿನ ಹೆಡ್ಡನ್ನು ಹತ್ತಿಯಿಂದ ಒರೆಸುವುದು, ಈ ಮೂರೂ ವಿದ್ಯೆಗಳಲ್ಲಿ ಕೊಟ್ಟೂರಿನಲ್ಲಿ ನನ್ನನ್ನು ಮೀರಿಸಿದವರು ಇರಲಿಲ್ಲ. ಹಾಗೆಂದು ನಾನೇ ಹಲವರಿಗೆ ಹೇಳಿದ್ದೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಸಿ.ಡಿ. ಎಂಬುದು ಆಗತಾನೇ ಹೊಸಪೇಟೆಯವರೆಗೆ ಬಂದಿತ್ತು. ನಮ್ಮ ಕಡೆಗೆ ಬರಲು ಅದಕ್ಕಿನ್ನೂ ಬಸ್ಸು ಸಿಕ್ಕಿರಲಿಲ್ಲ. ಹೈಸ್ಕೂಲಿನ ಗುಮಾಸ್ತನಾದ ನಾನು ಮತ್ತು ಸುತ್ತಲಿನ ನಾಲ್ಕು ಊರುಗಳ ನಾಲ್ವರು ಸೇರಿ ಒಂದು ಪದ್ಧತಿ ಮಾಡಿಕೊಂಡಿದ್ದೆವು. ಯಾರು ಈಗ ಯಾವ ಕ್ಯಾಸೆಟ್ಟನ್ನು ಕೇಳಿ ಖುಷಿಪಡುತ್ತಿದ್ದಾರೋ ಅದನ್ನು ಕವರಿನಲ್ಲಿ ಹಾಕಿ, ಬಸ್ಸಿನ ಡ್ರೈವರ್ ಕೈಗೆ ಕೊಟ್ಟು ಮುಂದಿನ ಊರಿಗೆ ದಾಟಿಸಬೇಕು. ಹಡಗಲಿಯಿಂದ ಹರಪನಹಳ್ಳಿಗೆ, ಅಲ್ಲಿಂದ ಕೊಟ್ಟೂರಿಗೆ, ಆಮೇಲೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ತಿರುಗಿ ಹಡಗಲಿ. ಜೊತೆಗೊಂದು ಚೀಟಿ: ಏನು ಹಿಡಿಸಿತು, ಎಲ್ಲಿ ಕಿವಿಗೊಟ್ಟು ಕೇಳಬೇಕು. ಕೂಡ್ಲಿಗಿಯ ಟೇಲರ್ ಓಬಣ್ಣನ ಚೀಟಿಯಲ್ಲಿ ಯಾವಾಗಲೂ ಒಂದೇ ಸಾಲು: ‘ಎರಡನೇ ಹಾಡು. ಕತ್ತರಿ ಕೆಳಗಿಟ್ಟು ಕೇಳಿದೆ.’ ನನ್ನ ಚೀಟಿ ನಾಲ್ಕು ಪುಟ, ಎರಡೂ ಬದಿ! ಅದನ್ನು ಯಾರೂ ಪೂರ್ತಿ ಓದುತ್ತಿರಲಿಲ್ಲ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಒಮ್ಮೆ ಹಡಗಲಿಯ ಶಾಂತಕ್ಕ ಟೀಚರ್ ಕಡೆಯಿಂದ ಒಂದು ಕ್ಯಾಸೆಟ್ ಬಂತು. ಅಂಗಡಿಯದಲ್ಲ, ಮನೆಯಲ್ಲೇ ತುಂಬಿಸಿದ್ದು. ಚೀಟಿಯಲ್ಲಿ ಹೀಗಿತ್ತು: ‘ನಮ್ಮ ಅವ್ವ ಹಾಡಿದ್ದು. ಒಂದನೇ ಬದಿಗೆ ಸೋಬಾನ, ಎರಡನೇ ಬದಿಗೆ ಬೀಸೋ ಪದ. ಮಗಳ ಮದುವೆಯಲ್ಲಿ ಒಂದೇ ಸಲ ತುಂಬಿಸಿದ್ದು, ಬೇರೆ ಕಾಪಿ ಇಲ್ಲ. ಜ್ವಾಕಿ.’

ಹಾಕಿದೆ. ಅಬ್ಬಾ! ಎಂಬತ್ತು ದಾಟಿದ, ಹಲ್ಲಿಲ್ಲದ ಮುದುಕಿಯ ದನಿ. ಆ ಉಸಿರು ಎಲ್ಲಿಂದ ಬರುತ್ತದೆ? ಸಾಲಿನ ಕೊನೆಯಲ್ಲಿ ಬಿಡದೆ ನಡುವೆಯೇ ಯಾಕೆ ಬಿಡುತ್ತಾಳೆ? ಎಲ್ಲಕ್ಕಿಂತ ಹೆಚ್ಚಾಗಿ, ಪ್ರತಿ ನುಡಿ ಮುಗಿಯುವಾಗ ಹಿಂದಿನಿಂದ ‘ಟಣ್’ ಎಂದು ಬರುವ ಆ ಸಣ್ಣ ಸದ್ದು ಯಾವ ವಾದ್ಯದ್ದು? ಮೂರು ದಿನ ನಾನು ಅದನ್ನೇ ಕೇಳಿದೆ. ಆಫೀಸಿನಲ್ಲಿ ಹಾಜರಿ ಪುಸ್ತಕದ ಮೇಲೆ ಸೀಲು ಒತ್ತುವಾಗಲೂ ನನ್ನ ಕಿವಿಯಲ್ಲಿ ಟಣ್ ಎನ್ನುತ್ತಿತ್ತು.

ಇಷ್ಟು ದೊಡ್ಡ ವಿಷಯ ಚೀಟಿಯಲ್ಲಿ ಹಿಡಿಸುವುದು ಸಾಧ್ಯವೇ? ಎರಡನೇ ಬದಿಯ ಹಾಡುಗಳು ಮುಗಿದ ಮೇಲೆ ಹತ್ತು ನಿಮಿಷ ರೀಲು ಖಾಲಿ ಇತ್ತು. ಅಲ್ಲಿ ನನ್ನ ಅಭಿಪ್ರಾಯವನ್ನು ನನ್ನ ದನಿಯಲ್ಲೇ ತುಂಬಿಸಿ ಕಳಿಸಿದರೆ ಹೇಗೆ? ಐದು ಊರುಗಳ ಸಂಗೀತ ಚರಿತ್ರೆಯಲ್ಲಿ ಇದೇ ಮೊದಲು!

ಆದರೆ ಶಾಂತಕ್ಕ ಜಾಣೆ. ಅಳಿಸಿಹೋಗದಿರಲೆಂದು ಕ್ಯಾಸೆಟ್ಟಿನ ಹಿಂಬದಿಯ ಎರಡೂ ಸಣ್ಣ ಚೂರುಗಳನ್ನು ಮುರಿದಿದ್ದಳು. ಅವು ಮುರಿದರೆ ರೆಕಾರ್ಡ್ ಮಾಡುವ ಕೆಂಪು ಗುಂಡಿ ಕೆಳಗಿಳಿಯುವುದಿಲ್ಲ. ನನ್ನಂಥ ತಜ್ಞನಿಗೆ ಅದೇನು ಮಹಾ? ಆ ಕಿಂಡಿಯ ಮೇಲೆ ಗೋಂದು ಹಚ್ಚಿದ ಕಾಗದ ಅಂಟಿಸಿದರೆ ಕೆಲಸವಾಯಿತು. ಎರಡನೇ ಬದಿಯ ಹಾಡು ಮುಗಿಯುವವರೆಗೆ ಓಡಿಸಿ, ಕ್ಯಾಸೆಟ್ ಹೊರತೆಗೆದು ಕಾಗದ ಅಂಟಿಸಿದೆ. ಒಂದು ಕಿಂಡಿ ಮುಚ್ಚಿದ್ದರೆ ಸಾಕಿತ್ತು. ಇರಲಿ ಎಂದು ಎರಡನ್ನೂ ಮುಚ್ಚಿದೆ. ಮತ್ತೆ ಒಳಗೆ ಹಾಕಿ, ಕೆಂಪು ಗುಂಡಿ ಒತ್ತಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದೆ: “ಸನ್ಮಾನ್ಯ ಸಂಗೀತಾಭಿಮಾನಿಗಳೇ...”

ನಡುವೆ ನನ್ನ ಹೆಂಡತಿ ಗಂಗಮ್ಮ ಬಾಗಿಲಲ್ಲಿ ಬಂದು ನಿಂತಳು. “ರೀ, ಇಲ್ನೋಡ್ರಿ...” ಎಂದಳು. ನಾನು ಬೆರಳು ತುಟಿಗಿಟ್ಟು “ಶ್!” ಎಂದೆ. ಹೋದಳು. ಟಣ್ ಸದ್ದಿನ ಬಗೆಗೇ ಆರು ನಿಮಿಷ ಮಾತಾಡಿದೆ. ಅದು ಪ್ರಾಚೀನ ಕಂಚಿನ ತಾಳವಾಗಿರಬೇಕೆಂದೂ, ಈ ಸೀಮೆಯಲ್ಲಿ ಮಾತ್ರ ಉಳಿದಿರಬಹುದೆಂದೂ ಸಿದ್ಧಾಂತ ಮಂಡಿಸಿದೆ.

ಮರುದಿನ ಬೆಳಿಗ್ಗೆ ಕವರು ಅಂಟಿಸಿ ಕೂಡ್ಲಿಗಿ ಬಸ್ಸಿನ ಡ್ರೈವರ್ ಖಾಜಾಸಾಬರಿಗೆ ಕೊಟ್ಟು, ಮನೆಗೆ ಬಂದು ಮಂಡಕ್ಕಿ ಒಗ್ಗರಣೆ ತಿನ್ನುತ್ತ ಕೂತೆ. ಗಂಗಮ್ಮ ಚಹಾ ಇಟ್ಟು ಕೇಳಿದಳು.

“ರೀ, ನೀವು ಎರಡನೇ ಬದಿಗಿ ಮಾತಾಡ್ತೀನಿ ಅಂದಿದ್ರಲ್ಲ?”

“ಹೌದು.”

“ಮತ್ತ ಕ್ಯಾಸೆಟ್ ಮ್ಯಾಲ ಒಂದು ಅಂತ ಕಾಣಾಕತ್ತಿತ್ತು? ಶಾಂತಕ್ಕ ಕೆಂಪು ಶಾಯಿಲೆ ದೊಡ್ಡದಾಗಿ ಬರದಾಳ.”

ಮಂಡಕ್ಕಿ ಗಂಟಲಲ್ಲಿ ನಿಂತಿತು. ಕಾಗದ ಅಂಟಿಸಿ ವಾಪಸ್ ಹಾಕುವಾಗ ಬದಿ ತಿರುಗಿಬಿಟ್ಟಿತ್ತು! ಎರಡನೇ ಬದಿಗೆ ಕೊನೆಯ ಹತ್ತು ನಿಮಿಷ ಎಂದರೆ ಒಂದನೇ ಬದಿಗೆ ಮೊದಲ ಹತ್ತು ನಿಮಿಷ ದಾಟಿದ ಜಾಗ. ನಡುಮಧ್ಯದ ಸೋಬಾನ! ಹಾಡನ್ನು ಅಳಿಸಿ, ಆ ಹಾಡು ಎಷ್ಟು ಚೆನ್ನಾಗಿದೆ ಎಂಬ ನನ್ನ ಭಾಷಣವನ್ನು ಅದೇ ಜಾಗದಲ್ಲಿ ತುಂಬಿಸಿದ್ದೆ.

“ಮತ್ಯಾಕ ಹೇಳಲಿಲ್ಲ ನೀನು?” ಕೂಗಿದೆ.

“ಹೇಳಾಕ ಬಂದ್ನೆಲ್ಲ. ಶ್ ಅಂದ್ರಿ.”

ಮೊಪೆಡ್ ಹತ್ತಿ ಕೂಡ್ಲಿಗಿ ರಸ್ತೆ ಹಿಡಿದೆ. ಕವರು ಓಬಣ್ಣನ ಕೈ ಸೇರುವ ಮೊದಲೇ ಹಿಡಿಯಬೇಕು. ಆಮೇಲೇನು ಮಾಡುವುದು ಎಂಬ ಯೋಚನೆ ನನಗಿರಲಿಲ್ಲ. ನಮ್ಮ ಕಡೆಯ ಬಸ್ಸುಗಳ ಒಂದು ಗುಣ ದೊಡ್ಡದು, ಕೈ ತೋರಿಸಿದಲ್ಲೆಲ್ಲ ನಿಲ್ಲುತ್ತವೆ. ಅರ್ಧ ದಾರಿಯಲ್ಲಿ, ಕುರಿ ಹತ್ತಿಸಲು ನಿಂತಿದ್ದ ಬಸ್ಸು ಸಿಕ್ಕಿತು. ಮೊಪೆಡ್ ನಿಲ್ಲಿಸಿ ಬಾಗಿಲ ಹತ್ತಿರ ಓಡಿದೆ. ಒಳಗಿನಿಂದ ಯಾರೋ ಗಂಭೀರವಾಗಿ ಮಾತಾಡುತ್ತಿದ್ದರು. “...ಆದುದರಿಂದ, ಈ ಟಣತ್ಕಾರವು ಸಾಮಾನ್ಯವಾದುದಲ್ಲ...”

ನಾನೇ!

ಖಾಜಾಸಾಬರು ನಗುತ್ತ ಕೈಯೆತ್ತಿದರು. “ಬರ್ರಿ ಸಾಹೇಬ್ರ! ಕವರ್ ಬಾಯಿ ಬಿಚ್ಕೊಂಡಿತ್ತು. ನಿಮ್ಮ ಕ್ಯಾಸೆಟ್ ಅಂದ್ರ ಚಲೋ ಇರ್ತೈತಿ ಅಂತ ಹಾಕಿದೆ.”

ಮುಂದಿನ ಸೀಟಿನ ರುಮಾಲಿನ ಹಿರಿಯರು ಕಂಡಕ್ಟರನನ್ನು ಕೇಳುತ್ತಿದ್ದರು. “ಅಲ್ಲಪಾ, ಮುದುಕಿ ಎಷ್ಟು ಚಂದ ಹಾಡ್ತಿದ್ಳು. ಈ ಮನುಷ್ಯ ನಡಕ ಯಾಕ ಬಂದ? ಎಷ್ಟೊತ್ತಿಗಿ ಇಳಿತಾನಂತ ಇವ?”

ಇಡೀ ಬಸ್ಸು ನಕ್ಕಿತು. ಕುರಿಯೂ ನನ್ನ ಕಡೆ ನೋಡಿತು. ಕ್ಯಾಸೆಟ್ ಕಸಿದುಕೊಂಡು ತಲೆ ತಗ್ಗಿಸಿ ವಾಪಸ್ ಬಂದೆ.

ಮನೆಯಲ್ಲಿ ರೀಲನ್ನು ಹಿಂದೆ ಮುಂದೆ ಓಡಿಸಿದೆ. ಭಾಷಣದ ಅಡಿಯಲ್ಲೆಲ್ಲಾದರೂ ಹಾಡು ಉಳಿದಿರಬಹುದೇ ಎಂದು ಹೆಡ್ಡನ್ನು ಮೂರು ಸಲ ಒರೆಸಿದೆ. ಸೋಬಾನ ಹೋಗಿತ್ತು. ಶಾಂತಕ್ಕನಿಗೆ ಇದ್ದದ್ದು ಅದೊಂದೇ. ನಂಬಿ ಕಳಿಸಿದ್ದಳು. ನನಗೆ ನಿಜವಾಗಿ ಅಳು ಬಂತು. ಕ್ಯಾಸೆಟ್ ಬಸ್ಸಿನಲ್ಲಿ ಕಳೆದುಹೋಯಿತೆಂದು ಹೇಳಿಬಿಡಲೇ ಎಂದು ಯೋಚಿಸಿದೆ. ಅದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟೆ.

ಗಂಗಮ್ಮ ಹೆರಳು ಹಾಕಿಕೊಳ್ಳುತ್ತಿದ್ದವಳು ನಿಲ್ಲಿಸಿ ನೋಡಿದಳು. “ಬಸ್ಸಿನ್ಯಾಗ ಅಷ್ಟ್ ಮಂದಿ ನಿಮ್ಮ ಭಾಷಣ ಕೇಳ್ಯಾರ. ಇನ್ನ ಯಾರಿಗಿ ಮುಚ್ಚಿಡ್ತೀರಿ? ನಡ್ರಿ ಹಡಗಲಿಗಿ. ನಾನೂ ಬರ್ತೀನಿ. ನೀವೊಬ್ರ ಹೋದ್ರ ಅಲ್ಲೂ ಮಾತಾಡಿ ಕೆಡಿಸ್ತೀರಿ.”

ಭಾನುವಾರ ಒಂದು ಹೊಸ ಖಾಲಿ ಕ್ಯಾಸೆಟ್ ಕೊಂಡು ಹಡಗಲಿಗೆ ಹೋದೆವು. ನನ್ನ ಮಾತು ಕೇಳಿ ಶಾಂತಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕ್ಯಾಸೆಟ್ಟಿನ ಮೇಲಿನ ಕಾಗದದ ಚೂರುಗಳನ್ನು ಉಗುರಿನಿಂದ ಕೀಳುತ್ತ ಕೂತಳು. ಒಳಗಿನಿಂದ ಗೋಡೆ ಹಿಡಿದುಕೊಂಡು ಅವಳ ಅವ್ವ ಬಂದರು. ಸಣ್ಣ ದೇಹ, ದೊಡ್ಡ ಕುಂಕುಮ.

“ಏನಾತು? ಹಾಕು, ಕೇಳೂಣು,” ಎಂದರು.

ಹಾಕಿದರು. ತಮ್ಮ ಹಾಡು ತಾವೇ ಕೇಳಿ ಅಜ್ಜಿಯ ಮುಖ ಅರಳಿತು. ಅಷ್ಟರಲ್ಲಿ ‘ಸನ್ಮಾನ್ಯ ಸಂಗೀತಾಭಿಮಾನಿಗಳೇ’ ಬಂತು. ಅಜ್ಜಿ ತಾಳ್ಮೆಯಿಂದ ನನ್ನ ಇಡೀ ಉಪನ್ಯಾಸ ಕೇಳಿದರು. ಅದನ್ನು ಪೂರ್ತಿ ಕೇಳಿದ ಮೊದಲನೆಯವರು ಅವರೇ ಇರಬೇಕು.

“ಟಣ್ ಅನ್ನೋದು ಕಂಚಿನ ತಾಳ ಅಲ್ಲೋ ತಮ್ಮಾ,” ಎಂದರು. “ಅದು ನಮ್ಮ ಆಡು. ಅವತ್ತು ಕಂಬಕ್ಕ ಕಟ್ಟಿದ್ವಿ. ಕೊಳ್ಳಾಗ ಗಂಟಿ ಇತ್ತು.”

ಆರು ನಿಮಿಷದ ಸಿದ್ಧಾಂತ ಆಡಿನ ಪಾಲಾಯಿತು. ನಾನು ಹೊಸ ಕ್ಯಾಸೆಟ್ಟನ್ನು ಮುಂದೆ ಹಿಡಿದು ಕೇಳಿದೆ. “ಅಜ್ಜೀ, ತಪ್ಪಾತು. ಇನ್ನೊಮ್ಮೆ ಹಾಡ್ರಿ. ತುಂಬಿಸ್ಕೊಡ್ತೀನಿ.”

“ಬೀಸೋ ಪದ ಕೇಳು, ಈಗ ಹಾಡ್ತೀನಿ. ಸೋಬಾನ ಹಂಗಲ್ಲಪಾ. ಹಸಿಮಣಿ ಮ್ಯಾಗ ಜೋಡಿ ಕುಂತಿರಬೇಕು, ಆರತಿ ತಟ್ಟಿ ಇರಬೇಕು. ಖಾಲಿ ಹಸಿಗಿ ನಾ ಹಾಡಾಕಿ ಅಲ್ಲ. ನಮ್ಮನ್ಯಾಗ ಇದ್ದೊಬ್ಬ ಮೊಮ್ಮಗಳ ಮದಿವಿ ಆಗಿಹೋತು.”

ಶಾಂತಕ್ಕನ ಕಣ್ಣು ತುಂಬಿತು. ಆಗ ಗಂಗಮ್ಮ ನನ್ನ ಹಿಂದಿನಿಂದ ಕೇಳಿದಳು.

“ಅಜ್ಜೀ, ಜೋಡಿ ಹಳೇದಾದ್ರ ನಡಿತೈತೇನು?”

ಅಜ್ಜಿ ಗಂಗಮ್ಮನನ್ನು ನೋಡಿದರು. “ಹೆಣ್ಣು ಲಕ್ಷಣ ಐತಿ.” ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬಹಳ ಹೊತ್ತು ನೋಡಿದರು. “ಆತು ಬಿಡು. ಸಿಕ್ಕಿದ್ದು ಇದ.”

ಅರ್ಧ ಗಂಟೆಯಲ್ಲಿ ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿದ್ದರು. ಅಕ್ಕಿ ಹೊಯ್ದು ಹಸೆ ಬರೆದು ಮಣೆ ಹಾಕಿದರು. ನಲವತ್ತೆಂಟರ ವಯಸ್ಸಿನಲ್ಲಿ, ಎರಡು ಮಕ್ಕಳ ತಂದೆಯಾಗಿ, ಒಬ್ಬ ಸರಕಾರಿ ನೌಕರನಾಗಿ ನಾನು ಎರಡನೇ ಸಲ ಮದುಮಗನಾಗಿ ಕೂತೆ! ಯಾರದೋ ಜರಿ ರುಮಾಲು ತಲೆಗೆ ಬಂತು, ಕಣ್ಣಿನ ಮೇಲೆ ಜಾರಿತು. ಕೆನ್ನೆಗೆ ಅರಿಶಿನ ಹಚ್ಚಲು ಜನ ಸಾಲುಗಟ್ಟಿದರು. ಒಬ್ಬಳು ನನ್ನ ಕನ್ನಡಕಕ್ಕೂ ಹಚ್ಚಿದಳು. ನಾನು ಅಭ್ಯಾಸಬಲದಿಂದ ಟೇಪ್ ರೆಕಾರ್ಡರಿನತ್ತ ಕೈ ಚಾಚಿದೆ.

“ನೀವು ಅದನ್ನ ಮುಟ್ಟಬ್ಯಾಡ್ರಿ!” ಶಾಂತಕ್ಕ, ಗಂಗಮ್ಮ ಒಟ್ಟಿಗೆ ಕೂಗಿದರು. ಶಾಂತಕ್ಕ ಅದನ್ನು ಎತ್ತಿ ಪಡಸಾಲೆಯ ಆ ತುದಿಗೆ ಒಯ್ದಳು.

“ಹಾಡು ಮುಗಿಯೋತನ ಗಂಡು ಬಾಯಿ ಬಿಡಬಾರದು,” ಎಂದು ಅಜ್ಜಿ ಅಪ್ಪಣೆ ಕೊಡಿಸಿದರು. ಆ ನಿಯಮ ನಿಜವಾಗಿಯೂ ಇದೆಯೋ, ನನಗಾಗಿ ಅಂದು ಹುಟ್ಟಿತೋ ಗೊತ್ತಿಲ್ಲ. ಕೇಳಬೇಕೆನಿಸಿತು. ಕೇಳುವಂತಿರಲಿಲ್ಲ.

ಅಜ್ಜಿ ಕಣ್ಣು ಮುಚ್ಚಿ ಎತ್ತಿಕೊಂಡರು. ಸಾಲಿನ ನಡುವೆ ಯಾಕೆ ಉಸಿರು ಬಿಡುತ್ತಾರೆಂಬುದು ಆಗ ಗೊತ್ತಾಯಿತು. ಅವರು ನಿಲ್ಲಿಸುವ ಜಾಗದಲ್ಲಿ, ಕ್ಯಾಸೆಟ್ಟಿನಲ್ಲಿ ದನಿಯೇ ಬೀಳದಿದ್ದ ಉಳಿದ ಹೆಂಗಸರು ಹಿಡಿದುಕೊಳ್ಳುತ್ತಿದ್ದರು, ಅಜ್ಜಿ ಮತ್ತೆ ಅವರ ದನಿಯ ಮೇಲೆ ಹತ್ತುತ್ತಿದ್ದರು. ಇಷ್ಟನ್ನು ತಿಳಿಯಲು ಕ್ಯಾಸೆಟ್ಟನ್ನು ಮೂರು ದಿನ ಕೇಳಿದ್ದು ಸಾಲಲಿಲ್ಲ, ಅರ್ಧ ಗಂಟೆ ಬಾಯಿ ಮುಚ್ಚಿಕೊಂಡು ಕೂತಿದ್ದು ಸಾಕಾಯಿತು. ಪಕ್ಕದಲ್ಲಿ ಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಕನ್ನಡಕ ತೆಗೆದು ಒರೆಸಿಕೊಂಡೆ. ಅರಿಶಿನ ಕಣ್ಣಿಗೆ ಹೋಯಿತೆಂದು ತೋರಿಸಿಕೊಂಡೆ.

ಹಾಡು ಮುಗಿಯಿತು. ಆರತಿ ಎತ್ತಲು ಬಂದ ಅಜ್ಜಿ ತಟ್ಟೆಯನ್ನು ಅಲ್ಲೇ ಹಿಡಿದು ನಿಂತರು.

“ಗಂಡನ ಹೆಸರು ಹೇಳವಾ. ಒಡಪು ಕಟ್ಟಿ ಹೇಳಬೇಕು. ಇಲ್ದಿದ್ರ ಆರತಿ ಇಲ್ಲ.”

ಟೇಪು ಇನ್ನೂ ಓಡುತ್ತಿತ್ತು. ನಿಲ್ಲಿಸೆಂದು ನಾನು ಶಾಂತಕ್ಕನಿಗೆ ಕೈಸನ್ನೆ ಮಾಡಿದೆ. ಅವಳು ನೋಡಿಯೂ ನೋಡದಂತೆ ನಿಂತಳು. ಇಪ್ಪತ್ತೆರಡು ವರ್ಷ ನನ್ನ ಮಾತು ಕೇಳಿದ ಗಂಗಮ್ಮ ಸೆರಗು ಸರಿಮಾಡಿಕೊಂಡಳು, ಗಂಟಲು ಸರಿಮಾಡಿಕೊಂಡಳು, ಸ್ಪಷ್ಟವಾಗಿ ಹೇಳಿದಳು:

“ಹಾಲಿಗಿ ಹಾಕ್ತಾರ ಹೆಪ್ಪ, ರೊಟ್ಟಿಗಿ ಸವರ್ತಾರ ತುಪ್ಪ,
ಹಾಡು ಅಳಿಸಿ ಮಾತು ತುಂಬಿದವ್ರು ನಮ್ಮನಿ ವೀರಭದ್ರಪ್ಪ!”

ಪಡಸಾಲೆ ಹಾರಿಹೋಗುವಂತೆ ನಕ್ಕರು. ಶಾಂತಕ್ಕನೂ ನಕ್ಕಳು, ಆ ದಿನ ಮೊದಲ ಸಲ. ಅದನ್ನು ನೋಡಿ ನನ್ನ ಎದೆಯ ಭಾರ ಇಳಿಯಿತು. ಕೂಡಲೇ ಒಡಪಿನ ಬಗೆಗೆ ಎರಡು ಮಾತು ವಿವರಿಸೋಣವೆಂದು ಬಾಯಿ ತೆರೆದೆ. ಅಜ್ಜಿ ಅದರೊಳಗೆ ಒಂದು ಹಿಡಿ ಸಕ್ಕರೆ ತುಂಬಿದರು.

ಹೊಸ ಕ್ಯಾಸೆಟ್ ಐದೂ ಊರು ಸುತ್ತಿತು. ಅದರಲ್ಲಿ ನನ್ನದೊಂದು ಮಾತೂ ಇಲ್ಲ. ಆದರೂ ಈಗ ನಾನು ಹಡಗಲಿಗೆ ಹೋದರೆ ಆ ಓಣಿಯಲ್ಲಿ ಯಾರೂ ನನ್ನನ್ನು ವೀರಭದ್ರಪ್ಪ ಎಂದು ಕರೆಯುವುದಿಲ್ಲ. “ಹೆಪ್ಪ-ತುಪ್ಪ ಬಂದ್ರು ನೋಡ್ರೇ,” ಎಂದು ಕಟ್ಟೆಯ ಮೇಲಿನ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ನಾನು ಕೈ ಮುಗಿದು, ಬಾಯಿ ಮುಚ್ಚಿಕೊಂಡು, ಮುಂದೆ ಹೋಗುತ್ತೇನೆ.