ಹಾರ್ನ್ ಮಾತ್ರ ಅಳಿಯನಿಗೆ

ಕುಸುಮ: ಬಾಗಿಲು ಬಿಡು ನಿತ್ಯಾ! ಅದು ನನ್ನ ಬಾಗಿಲು.

ನಿತ್ಯಾನಂದ: ಕಾರು ನಮ್ಮದು, ಬಾಗಿಲು ಮಾತ್ರ ನಿಮ್ಮದಾಗುವುದು ಹೇಗೆ ಮಾಮಿ?

ಕುಸುಮ: ಹಳೇ ಬಾಗಿಲು ತುಕ್ಕು ಹಿಡಿದು ಉದುರಿತು. ಇದು ನನ್ನ ತವರಿನ ಹಲಸಿನ ಹಲಗೆ. ಮೂಸಿ ನೋಡು ಬೇಕಾದರೆ.

(ಪುಂಜಾಲಕಟ್ಟೆಯಿಂದ ತುಸು ಆಚೆ, ರಸ್ತೆ ಬದಿಯಲ್ಲಿ ಮಮ್ಮು ಬ್ಯಾರಿಯ ರಿಪೇರಿ ಶೆಡ್ಡು. ಯಾರೋ ಬಿಳಿ ದೊರೆ ಊರು ಬಿಡುವಾಗ ಮಾರಿಹೋದ ರೇಸು ಕಾರು; ಸೀಟು ಎರಡೇ, ಮೇಲೆ ಛಾವಣಿ ಇಲ್ಲ. ಅದರೊಳಗೆ ಸ್ಟೇರಿಂಗ್ ಹಿಡಿದು ಮುಂಡಪ್ಪ ಶೆಟ್ಟರು ಬೆಳಗ್ಗಿನಿಂದ ಕೂತಿದ್ದಾರೆ. ಇದನ್ನೊಮ್ಮೆ ಜೋರಾಗಿ ಬಿಡಬೇಕು, ಅವರ ಆಸೆ ಅಷ್ಟೇ. ಆದರೆ ಒಂದು ಬಾಗಿಲು ಹೆಂಡತಿ ಕುಸುಮಳ ಕೈಯಲ್ಲಿ, ಇನ್ನೊಂದು ಅಕ್ಕನ ಮಗ ನಿತ್ಯಾನಂದನ ಕೈಯಲ್ಲಿ. ಹೀಗೆ ಎಳೆದರೆ ಹಲಸಿನ ಹಲಗೆಯಾದರೂ ಎಷ್ಟು ದಿನ ಬಾಳೀತು!)

ನಿತ್ಯಾನಂದ: ಮಾವ ನಮ್ಮ ಕುಟುಂಬದ ಯಜಮಾನ. ಕುಟುಂಬದ ಭತ್ತ ಮಾರಿ ತೆಗೆದ ಕಾರು ಇದು. ನಮ್ಮ ಅಳಿಯಕಟ್ಟಿನ ಪದ್ಧತಿಯಲ್ಲಿ ಮಾವನದ್ದು ಅಳಿಯನಿಗೆ, ಮಕ್ಕಳಿಗಲ್ಲ. ಹೊಸದಾಗಿ ನಾನು ಹೇಳಬೇಕಾ?

ಕುಸುಮ: ಗೊತ್ತುಂಟು ಮಾರಾಯ! ಇವರು ಕಣ್ಣು ಮುಚ್ಚಿದ ದಿನ ನಾನೂ ಮಕ್ಕಳೂ ಗಂಟುಮೂಟೆ ಕಟ್ಟಬೇಕು. ಆ ಮನೆಯಲ್ಲಿ ಒಂದು ಸೌಟು ಕೂಡ ನಮ್ಮದಲ್ಲ. ಹೊಟ್ಟೆ ಉರಿಯುತ್ತದೆ ನನಗೆ! ಈ ಕಾರೊಂದಾದರೂ ನನ್ನ ಮಕ್ಕಳಿಗಿರಲಿ ಅಂತಲೇ ಒಂದೊಂದು ಸಾಮಾನು ಬದಲಾಯಿಸುತ್ತಾ ಬಂದದ್ದು.

ಮುಂಡಪ್ಪ: (ಮೆಲ್ಲಗೆ) ನಾನು ಇನ್ನೂ ಕಣ್ಣು ಮುಚ್ಚಲಿಲ್ಲ.

ಇಬ್ಬರೂ: ನೀವು ಸುಮ್ಮನಿರಿ!

ಕುಸುಮ: ದಿಲ್ಲಿಯಲ್ಲಿ ಹೊಸ ಕಾನೂನು ಬಂದಿದೆಯಂತೆ. ಮಕ್ಕಳಿಗೂ ಪಾಲು ಉಂಟಂತೆ.

ನಿತ್ಯಾನಂದ: ಬಂದಿರಬಹುದು. ದಾರಿಯಲ್ಲಿ ಎಲ್ಲಿಯೋ ಪಂಚರ್ ಆಗಿರಬೇಕು, ನಮ್ಮ ಮನೆಗೆ ಇನ್ನೂ ಮುಟ್ಟಲಿಲ್ಲ. ಮಮ್ಮು, ನೀನೇ ಹೇಳು. ಇದು ಮಾವ ತಂದ ಕಾರು ಹೌದಾ, ಅಲ್ಲವಾ?

(ಮಮ್ಮು ಬ್ಯಾರಿ ಕಾರಿನ ಅಡಿಯಿಂದ ತಲೆ ಹೊರಗೆ ಹಾಕಿದ. ಒಳಗೆ ಎಂಥ ಕೆಲಸವೂ ಇರಲಿಲ್ಲ, ಜಗಳಕ್ಕೆ ಹೆದರಿ ನುಗ್ಗಿದ್ದು.)

ಮಮ್ಮು: ಹೌದು ಹೇಳಿದರೆ ಅಮ್ಮ ಬಿಡುವುದಿಲ್ಲ, ಅಲ್ಲ ಹೇಳಿದರೆ ನೀವು ಬಿಡುವುದಿಲ್ಲ. ಒಂದೊಂದೇ ಸಾಮಾನು ಕೇಳಿ, ಹೇಳ್ತೇನೆ.

ನಿತ್ಯಾನಂದ: ಇಂಜಿನ್?

ಮಮ್ಮು: ದೊರೆಯದ್ದು ದಮ್ಮು ಕಟ್ಟಿದವರ ಹಾಗೆ ಕೆಮ್ಮುತ್ತಿತ್ತು. ಅಮ್ಮನ ಅಣ್ಣನ ಜೀಪು ತೋಡಿನ ನೀರಿಗೆ ಬಿತ್ತಲ್ಲ, ಅದರದ್ದು ಕೂರಿಸಿದೆ. ಈಗ ಘಾಟಿ ಹತ್ತುತ್ತದೆ.

ನಿತ್ಯಾನಂದ: ಚಕ್ರ?

ಮಮ್ಮು: ಅದೂ ಜೀಪಿನದ್ದೇ. ಸ್ವಲ್ಪ ದೊಡ್ಡದಾಯಿತು.

ನಿತ್ಯಾನಂದ: ಸ್ವಲ್ಪವಾ? ಹತ್ತಲಿಕ್ಕೆ ಏಣಿ ಬೇಕು! ಸೀಟು?

ಕುಸುಮ: ನನ್ನ ಅಮ್ಮನ ಉಯ್ಯಾಲೆಯ ಹಲಗೆ.

ನಿತ್ಯಾನಂದ: ಬಣ್ಣ? ಚಂದದ ಕೆಂಪು ಇತ್ತಲ್ಲ ಮಾರಾಯ್ರೇ!

ಕುಸುಮ: ತವರಿನ ಗೇಟಿಗೆ ಬಳಿದು ಉಳಿದ ಹಸಿರು. ಏನಾಗಿದೆ? ತಂಪಾಗಿ ಉಂಟು ಕಣ್ಣಿಗೆ.

ನಿತ್ಯಾನಂದ: ಥೂ! ಇದು ರೇಸು ಕಾರಲ್ಲ ಮಾಮಿ, ನಿಮ್ಮ ತವರುಮನೆಗೆ ನಾಲ್ಕು ಚಕ್ರ ಇಟ್ಟದ್ದು!

ಕುಸುಮ: ಒಪ್ಪಿದೆಯಲ್ಲ? ತವರಿನದ್ದು ಅಂತ ನಿನ್ನ ಬಾಯಲ್ಲೇ ಬಂತು. ಮಮ್ಮು, ಕೇಳಿಸಿತಾ?

(ನಿತ್ಯಾನಂದ ಬಾಗಿಲು ಬಿಡದೆಯೇ ಕಾರಿನೊಳಗೆ ಬಗ್ಗಿ ಹುಡುಕಿದ.)

ನಿತ್ಯಾನಂದ: ಮಮ್ಮು... ನಮ್ಮ ಕುಟುಂಬದ್ದು ಅಂತ ಇದರಲ್ಲಿ ಒಂದು ನಟ್ಟಾದರೂ ಉಂಟಾ?

ಮಮ್ಮು: (ಕಾರಿಗೊಂದು ಸುತ್ತು ಬಂದು) ಹಾರ್ನ್ ಉಂಟು. ಮತ್ತೆ... ಶೆಟ್ರು.

(ಕುಸುಮ ರಬ್ಬರ್ ಬುರುಡೆಯ ಹಾರ್ನನ್ನು ಕಿತ್ತು ಅಳಿಯನ ಕೈಗಿಟ್ಟಳು. ಅದು 'ಪೋಂಯ್' ಎಂದಿತು.)

ನಿತ್ಯಾನಂದ: ಹಾಗಾ? ಸರಿ. ಮಾವ, ಇಳಿಯಿರಿ. ನೀವೂ ನಮ್ಮ ಕುಟುಂಬದ ಸೊತ್ತು, ಬಸ್ಸಿನಲ್ಲಿ ಹೋಗುವ. ಮಾಮಿ ಅವರ ಕಾರು ಅವರೇ ಬಿಡಲಿ.

ಕುಸುಮ: ಕೊಂಡುಹೋಗು! ಇಡೀ ಗಾಡಿಯಲ್ಲಿ ಬದಲಾಯಿಸಲಿಕ್ಕೆ ಆಗದೆ ಉಳಿದದ್ದು ಅದೊಂದೇ.

(ಶೆಟ್ಟರ ಮುಖ ಸಣ್ಣದಾಯಿತು. ಪಾಪ, ಮನುಷ್ಯನಿಗೆ ನಿಜವಾಗಿಯೂ ನೋವಾಯಿತು. ಸ್ಟೇರಿಂಗ್ ಬಿಡದೆಯೇ ಹೆಂಡತಿಯ ಕಡೆ ತಿರುಗಿದರು.)

ಮುಂಡಪ್ಪ: ಕುಸುಮ, ನಿನಗೆ ಕಾರು ಬಿಡಲಿಕ್ಕೆ ಬರುತ್ತದಾ?

ಕುಸುಮ: ನನಗೆಲ್ಲಿಂದ?

ಮುಂಡಪ್ಪ: ನಿತ್ಯಾ, ನಿನಗೆ?

ನಿತ್ಯಾನಂದ: ಸೈಕಲ್... ಬರುತ್ತದೆ.

ಕುಸುಮ: ನನ್ನ ಅಣ್ಣನಿಗೆ ಬರುತ್ತದೆ!

ಮುಂಡಪ್ಪ: ಹೌದು. ಅವನು ಬಿಟ್ಟದ್ದಕ್ಕೇ ಜೀಪು ತೋಡಿಗೆ ಹೋದದ್ದು. ಮಮ್ಮು, ಹತ್ತು.

ಕುಸುಮ: ಮತ್ತೆ ನಾನು?

ನಿತ್ಯಾನಂದ: ನಾನು?

ಮುಂಡಪ್ಪ: ಸೀಟು ಎರಡೇ. ಒಂದರಲ್ಲಿ ಕುಟುಂಬದ ಸೊತ್ತು ಕೂತಿದೆ. ಇನ್ನೊಂದರಲ್ಲಿ ರಿಪೇರಿ ಗೊತ್ತಿದ್ದವ ಬೇಕು, ತವರಿನ ಸಾಮಾನು ನಂಬಲಿಕ್ಕಾಗುವುದಿಲ್ಲ.

(ಜೀಪಿನ ಇಂಜಿನ್ ಗುಡುಗಿತು. ಹಸಿರು ಕಾರು ಧೂಳೆಬ್ಬಿಸಿ ವಾಮದಪದವಿನ ಕಡೆಗೆ ತಿರುಗಿ ಮಾಯವಾಯಿತು. ಎರಡೂ ಹಲಸಿನ ಬಾಗಿಲು ಮಾತ್ರ ಹಿಡಿದವರ ಕೈಯಲ್ಲೇ ಉಳಿದವು. ಹಿಂದಿನಿಂದ ಬಸ್ಸಿನ ಸದ್ದು.)

ನಿತ್ಯಾನಂದ: ಮಾಮಿ, ಬಂಟ್ವಾಳದ ಬಸ್ಸು! ಆ ಡ್ರೈವರ್ ಇಲ್ಲಿ ಕೈ ಅಡ್ಡ ಹಿಡಿದರೂ ನಿಲ್ಲಿಸುವುದಿಲ್ಲ, ಎಂತ ಮಾಡುವುದು?

ಕುಸುಮ: ನಿನ್ನ ಪಾಲಿಗೆ ಬಂದದ್ದು ಕೈಯಲ್ಲೇ ಉಂಟಲ್ಲ. ಒತ್ತು!